ಓದುಗರ ಪ್ರಶ್ನೆ, ನಮ್ಮ ಉತ್ತರ: ರೀಫ್ ಟ್ಯಾಂಕಲ್ಲಿ ಆಲ್ಕಲಿನಿಟಿ ಒಂದ್ ಕಡೆ ನಿಲ್ತಾನೇ ಇಲ್ಲ!

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರೀಫ್ ಟ್ಯಾಂಕಿನ, ಅಂದ್ರೆ ಮನೇಲಿ ಉಪ್ಪು ನೀರಲ್ಲಿ ಹವಳ ಸಾಕೋ ತೊಟ್ಟಿಯ, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ, ಅಳೆಯೋದು ಡಿಕೆಎಚ್ ಅನ್ನೋ ಮಾನದಲ್ಲಿ) ಬಗ್ಗೆನೇ. ಮೀನಿನ ಕಾಯಿಲೆ, ಲೈಟು, ಪಾಚಿ ಇವನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಕೊಂಡಿದೀನಿ, ಬೇಜಾರ್ ಮಾಡ್ಕೋಬೇಡಿ. ಮನೆ ಟ್ಯಾಂಕಲ್ಲಿ ಹವಳ ಸಾಯೋಕೆ ನಾನು ನೋಡಿರೋ ಕಾರಣಗಳಲ್ಲಿ ಇದರಷ್ಟು ಸಲ ಎದುರಾಗಿರೋದು ಇನ್ನೊಂದಿಲ್ಲ, ಇದರಷ್ಟು ಸುಲಭವಾಗಿ ತಪ್ಪಿಸಬಹುದಾದ್ದೂ ಇನ್ನೊಂದಿಲ್ಲ, ಅದಕ್ಕೇ ಪೂರ್ತಿ ಜಾಗ ಇದಕ್ಕೇ ಕೊಡ್ತಿದೀನಿ.

ಪ್ರಶ್ನೆ: ಸರ್, ನನ್ನದು ಸಂಪ್ (ಟ್ಯಾಂಕಿಗೆ ಸೇರಿಸಿರೋ ಫಿಲ್ಟರ್ ತೊಟ್ಟಿ) ಸೇರಿ 240 ಲೀಟರ್ ಟ್ಯಾಂಕು, ಶುರು ಮಾಡಿ ಹತ್ತು ತಿಂಗಳಾಯ್ತು. ಹವಳದಲ್ಲಿ ಒಂದು ಹ್ಯಾಮರ್, ಎರಡು ಮಾಂಟಿಪೋರ, ಮೂರು ಅಕ್ರೋಪೋರ ಫ್ರ್ಯಾಗ್ (ದೊಡ್ಡ ಹವಳದಿಂದ ಕತ್ತರಿಸಿದ ತುಂಡು) ಇದೆ. ಆಲ್ಕಲಿನಿಟಿ 6.8ಕ್ಕೆ ಇಳಿದಿದೆ ಅಂತ ಬಫರ್ ಪೌಡರ್ ಹಾಕಿ 9.5ಕ್ಕೆ ತಂದೆ, ನಾಲ್ಕು ದಿನ ಬಿಟ್ಟು ನೋಡಿದ್ರೆ 7.4. ಮತ್ತೆ ಹಾಕಿದೆ, ಮತ್ತೆ ಇಳೀತು. ಒಂದೂವರೆ ತಿಂಗಳಿಂದ ಇದೇ ಕಥೆ. ಈಗ ಅಕ್ರೋಪೋರದ ತುದಿಗಳು ಬೆಳ್ಳಗಾಗಿ ಸುಟ್ಟಂಗೆ ಕಾಣ್ತಿವೆ. ಎಷ್ಟರಲ್ಲಿ ಇಡ್ಬೇಕು ಹೇಳಿ, 8ಆ, 9ಆ, 10ಆ?

ಉತ್ತರ: ಮೊದಲು ಆ ಪೌಡರ್ ಡಬ್ಬ ಮುಚ್ಚಿ ಪಕ್ಕಕ್ಕಿಡಿ. ಆಮೇಲೆ ಒಂದು ಭೂತಕನ್ನಡಿ ತಗೊಂಡು ಆ ಬಿಳಿ ತುದಿಗಳನ್ನ ಹತ್ತಿರದಿಂದ ನೋಡಿ, ಯಾಕಂದ್ರೆ ಚೆನ್ನಾಗಿ ಬೆಳೀತಿರೋ ಅಕ್ರೋಪೋರಕ್ಕೂ ತುದಿ ಬೆಳ್ಳಗೇ ಇರತ್ತೆ. ಬೆಳವಣಿಗೆಯ ಬಿಳುಪು ಆದ್ರೆ ಮೇಲೆ ತೆಳ್ಳಗೆ ಹೊಳೆಯೋ ಚರ್ಮ ಇರತ್ತೆ, ಕೆಳಗೆ ಬರ್ತಾ ಬರ್ತಾ ಬಣ್ಣ ನಿಧಾನಕ್ಕೆ ಕೂಡ್ಕೊಳ್ಳತ್ತೆ. ಸುಟ್ಟಿದ್ದಾದ್ರೆ ಚರ್ಮ ಅಲ್ಲಿಗೇ ಕತ್ತರಿಸಿದಂಗೆ ನಿಂತು ಮೇಲಿನ ಭಾಗ ಒಣ ಸುಣ್ಣದ ಥರ ಮಂಕಾಗಿರತ್ತೆ, ಒಂದು ವಾರದಲ್ಲಿ ಅದರ ಮೇಲೆ ಕಂದು ಬಣ್ಣದ ಪಾಚಿ ಹತ್ಕೊಳ್ಳತ್ತೆ. ನಿಮ್ಮ ನಂಬರ್ ನೋಡಿದ್ರೆ ಎರಡನೇದೇ ಅನ್ಸತ್ತೆ, ಆದ್ರೂ ನೋಡಿ.

ಈಗ ನೀವು ಕೇಳಿದ 8ಆ 9ಆ 10ಆ ಅನ್ನೋ ಪ್ರಶ್ನೆ. ಸಮುದ್ರದ ನೀರಲ್ಲಿ ಇರೋದು ಹೆಚ್ಚುಕಮ್ಮಿ 7 ಡಿಕೆಎಚ್. ಮನೆ ಟ್ಯಾಂಕಲ್ಲಿ 7ರಿಂದ 11ರವರೆಗೆ ಇಟ್ಕೊಂಡು ಚೆನ್ನಾಗಿ ಹವಳ ಬೆಳೆಸ್ತಿರೋರು ಇದಾರೆ. ಅಂದ್ರೆ 7.5ರಲ್ಲೂ ಬೆಳೆಯತ್ತೆ 9ರಲ್ಲೂ ಬೆಳೆಯತ್ತೆ. ಬೆಳೆಯದೇ ಇರೋದು ಸೋಮವಾರ 9.5, ಶುಕ್ರವಾರ 7.4, ಶನಿವಾರ ಮತ್ತೆ 9.5 ಅಂದಾಗ. ನಿಮ್ಮ ಅಕ್ರೋಪೋರಕ್ಕೆ ಆಗ್ತಿರೋದು ಅದೇ. ನೀವು ಯಾವ ನಂಬರ್ ಆರಿಸ್ಕೊಂಡ್ರೂ ನನ್ನ ತಕರಾರಿಲ್ಲ, ಆದ್ರೆ ಆರಿಸ್ಕೊಂಡ ಮೇಲೆ ಅಲ್ಲೇ ಇರ್ಬೇಕು. ನಿಮಗೆ ನಾನು ಹೇಳೋದು 8. ನೈಟ್ರೇಟು ಫಾಸ್ಫೇಟು ಎರಡೂ ಸೊನ್ನೆ ಹತ್ತಿರ ಇದ್ದು ಮೇಲೆ ಆಲ್ಕಲಿನಿಟಿ 10, 11 ಇಟ್ಟಿರೋ ಟ್ಯಾಂಕುಗಳಲ್ಲೇ ಈ ತುದಿ ಸುಡೋದನ್ನ ಸಾಕೋರು ಜಾಸ್ತಿ ಕಂಡಿರೋದು, ಹಾಗಾಗಿ ನೀರು ತುಂಬ ಸ್ವಚ್ಛವಾಗಿ ಇಟ್ಕೊಳ್ಳೋರು ಕೆಳಗಡೆನೇ ಇರೋದು ಒಳ್ಳೇದು.

ಇದು ಯಾಕೆ ಇಳಿಯತ್ತೆ ಅಂತ ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. ಶಾಲೆ ಪುಸ್ತಕದಲ್ಲಿ ಕ್ಷಾರೀಯತೆ ಅಂತಾರಲ್ಲ, ಅದು ನೀರಿಗೆ ಆಮ್ಲ ಬಿದ್ರೆ ತಡ್ಕೊಳ್ಳೋ ಶಕ್ತಿ. ನಮ್ಮ ಟ್ಯಾಂಕಲ್ಲಿ ಆ ಶಕ್ತಿಯ ಬಹುಪಾಲು ಬರೋದು ಬೈಕಾರ್ಬೊನೇಟ್, ಕಾರ್ಬೊನೇಟ್‌ನಿಂದ. ಹವಳ ತನ್ನ ಸುಣ್ಣದ ಮನೆ ಕಟ್ಕೊಳ್ಳೋದು ಇದೇ ಸಾಮಾನಿಂದ, ಒಂದು ಕೈಲಿ ಕ್ಯಾಲ್ಸಿಯಂ ಇನ್ನೊಂದು ಕೈಲಿ ಬೈಕಾರ್ಬೊನೇಟ್ ತಗೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡ್ಕೊಳ್ಳತ್ತೆ. ಕಲ್ಲಿನ ಮೇಲೆ ಹಬ್ಬೋ ನೇರಳೆ ಬಣ್ಣದ ಕೋರಲೈನ್ ಆಲ್ಗೆ ಕೂಡ ಅದನ್ನೇ ತಿನ್ನತ್ತೆ. ಹಗಲು ಲೈಟ್ ಇದ್ದಾಗ ಜಾಸ್ತಿ ತಿನ್ನತ್ತೆ, ರಾತ್ರಿ ಕಮ್ಮಿ. ದಿನಾ ತಿನ್ನತ್ತೆ, ನೀವು ನಾಲ್ಕು ದಿನಕ್ಕೊಂದ್ಸಲ ಬಡಿಸ್ತಿದೀರಿ, ಅದೇ ಇಲ್ಲಿರೋ ತೊಂದರೆ.

ಸರಿ, ಲೆಕ್ಕಕ್ಕೆ ಬನ್ನಿ. ನಿಮ್ಮದೇ ನಂಬರಿಂದ ಲೆಕ್ಕ ಸಿಗತ್ತೆ. 9.5ರಿಂದ 7.4ಕ್ಕೆ ನಾಲ್ಕು ದಿನದಲ್ಲಿ ಇಳೀತು, ಅಂದ್ರೆ ದಿನಕ್ಕೆ ಅರ್ಧ ಡಿಕೆಎಚ್. ಟ್ಯಾಂಕ್ 240 ಲೀಟರ್ ಅಂದ್ರಿ, ಕಲ್ಲು ಮರಳು ಕಳೆದ್ರೆ ನೀರು 200 ಲೀಟರ್ ಅಂತ ಇಟ್ಕೊಳ್ಳಿ (ಇದನ್ನ ಮರೆತು ಗಾಜಿನ ಅಳತೆಗೆ ಡೋಸ್ ಹಾಕೋರು ತುಂಬ ಜನ). 100 ಲೀಟರ್ ನೀರಲ್ಲಿ 1 ಡಿಕೆಎಚ್ ಏರಿಸೋಕೆ ಅಡುಗೆ ಸೋಡ ಸುಮಾರು 3 ಗ್ರಾಂ ಬೇಕು. ಹಂಗಾದ್ರೆ 200 ಲೀಟರ್‌ಗೆ ದಿನಕ್ಕೆ ಅರ್ಧ ಡಿಕೆಎಚ್ ಅಂದ್ರೆ ಬೇಕಾಗಿರೋದು ಬರೀ 3 ಗ್ರಾಂ. 6.8ರಿಂದ 9.5ಕ್ಕೆ ಏರಿಸಿದ ದಿನ ನೀವು ಹಾಕಿದ್ದು 16 ಗ್ರಾಂ ಸೋಡಕ್ಕೆ ಸಮ, ಅಂದ್ರೆ ಐದು ದಿನಕ್ಕಿಂತ ಜಾಸ್ತಿ ಊಟ ಒಂದೇ ಗಳಿಗೇಲಿ.

ಮಾಡ್ಬೇಕಾದ್ದು ಇಷ್ಟೆ. ಈಗ ಎಷ್ಟಿದೆಯೋ ನೋಡಿ, 8ಕ್ಕಿಂತ ಮೇಲಿದ್ರೆ ಏನೂ ಹಾಕ್ದೆ ಬಿಡಿ, ತಾನೇ ದಿನಕ್ಕೆ ಅರ್ಧದಂಗೆ ಇಳಿಯತ್ತೆ. ಕೆಳಗಿದ್ರೆ ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಜಾಸ್ತಿ ಏರಿಸ್ಬೇಡಿ, 1 ಡಿಕೆಎಚ್ ಅನ್ನೋದು ಯಾವತ್ತೂ ದಾಟಬಾರದ ಗೆರೆ ಅಂದ್ಕೊಳ್ಳಿ. 8ಕ್ಕೆ ಬಂದ್ಮೇಲೆ ಒಂದು ಲೀಟರ್ ಆರ್‌ಒ-ಡಿಐ (ಖನಿಜ ಎಲ್ಲ ಸೋಸಿ ತೆಗೆದ ಶುದ್ಧ) ನೀರಲ್ಲಿ 30 ಗ್ರಾಂ ಸೋಡ ಕರಗಿಸಿ ಬಾಟಲಿಗೆ ತುಂಬಿಡಿ, ದಿನಕ್ಕೆ 100 ಎಂಎಲ್ ಹಾಕಿದ್ರೆ ಆ 3 ಗ್ರಾಂ ಹೋಗತ್ತೆ. ಕೈಯಲ್ಲಿ ಹಾಕೋದಾದ್ರೆ ಬೆಳಗ್ಗೆ 50, ರಾತ್ರಿ 50, ವೇವ್‌ಮೇಕರ್ (ಟ್ಯಾಂಕೊಳಗೆ ನೀರು ತಳ್ಳೋ ಪಂಪ್) ಜೋರಾಗಿ ಬೀಸೋ ಕಡೆ ನಿಧಾನಕ್ಕೆ ಸುರೀರಿ. ಡೋಸಿಂಗ್ ಪಂಪ್ (ಅಳತೆ ಪ್ರಕಾರ ತಾನೇ ಹಾಕೋ ಪಂಪ್) ಇದ್ರೆ 10 ಎಂಎಲ್‌ನಂಗೆ ಹತ್ತು ಸಲ, ಹವಳಕ್ಕೆ ಗೊತ್ತೇ ಆಗಲ್ಲ.

ಕ್ಯಾಲ್ಸಿಯಂ ಮರೀಬೇಡಿ. 1 ಡಿಕೆಎಚ್ ಖರ್ಚಾದಾಗ ಜೊತೆಗೆ ಸುಮಾರು 7 ಪಿಪಿಎಂ (ಹತ್ತು ಲಕ್ಷಕ್ಕೆ 7 ಭಾಗ) ಕ್ಯಾಲ್ಸಿಯಂ ಕೂಡ ಖರ್ಚಾಗಿರತ್ತೆ. ನಿಮ್ಮ ಟ್ಯಾಂಕಿಗೆ ದಿನಕ್ಕೆ ಮೂರೂವರೆ ಪಿಪಿಎಂ, ವಾರಕ್ಕೆ 25. ಇದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ದಿನಕ್ಕೆ 2.6 ಗ್ರಾಂ ಬೇಕಾಗತ್ತೆ, ಅದನ್ನೂ ಬೇರೆ ಬಾಟಲಿಯಲ್ಲಿ ಲೀಟರ್‌ಗೆ 26 ಗ್ರಾಂ ಕರಗಿಸಿ ದಿನಕ್ಕೆ 100 ಎಂಎಲ್ ಕೊಡಿ (ಕರಗಿಸುವಾಗ ನೀರು ಬೆಚ್ಚಗಾಗತ್ತೆ, ಗಾಬರಿ ಬೇಡ). ಎರಡು ಬಾಟಲಿನೂ ಒಟ್ಟಿಗೆ ಒಂದೇ ಜಾಗಕ್ಕೆ ಸುರಿದ್ರೆ ಅಲ್ಲೇ ಹಾಲಿನಂಗೆ ಬೆಳ್ಳಗಾಗಿ ಸುಣ್ಣ ಕೂತ್ಬಿಡತ್ತೆ, ಅರ್ಧ ಗಂಟೆಯಾದ್ರೂ ಅಂತರ ಇರ್ಲಿ. ಟೂ ಪಾರ್ಟ್ ಅಂತ ಎರಡು ಬಾಟಲಿ ಮಾರ್ತಾರಲ್ಲ, ಅದರ ಒಳಗಿನ ಗುಟ್ಟು ಹೆಚ್ಚುಕಮ್ಮಿ ಇದೇ.

ಶುರುವಿನ ಎರಡು ವಾರ ದಿನಾ ಒಂದೇ ಹೊತ್ತಿಗೆ ಟೆಸ್ಟ್ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಒಂದಿನ ಬೆಳಗ್ಗೆ ಒಂದಿನ ರಾತ್ರಿ ಮಾಡಿದ್ರೆ ಹಗಲು ರಾತ್ರಿ ವ್ಯತ್ಯಾಸಾನೇ ನಿಮ್ಮನ್ನ ದಾರಿ ತಪ್ಪಿಸತ್ತೆ. 0.2, 0.3 ಆಚೆ ಈಚೆ ಆದ್ರೆ ಕೈ ಕಟ್ಕೊಂಡು ಸುಮ್ನಿರಿ. ವಾರ ಪೂರ್ತಿ ಒಂದೇ ಕಡೆ ಇಳೀತಾ ಇದ್ರೆ ಮಾತ್ರ ಡೋಸ್ ನೂರಕ್ಕೆ ಐದೋ ಹತ್ತೋ ಜಾಸ್ತಿ ಮಾಡಿ. ಹವಳ ದೊಡ್ಡದಾದಂಗೆ ಹಸಿವೂ ಜಾಸ್ತಿ ಆಗತ್ತೆ ಅನ್ನೋದು ನೆನಪಿರ್ಲಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಮೊದಲನೇ ಟ್ಯಾಂಕಲ್ಲಿ ಒಂದು ಗುಲಾಬಿ ಬಣ್ಣದ ಬರ್ಡ್ಸ್‌ನೆಸ್ಟ್ ಹವಳ ಇತ್ತು, ಒಂದು ಇಂಚಿನ ಫ್ರ್ಯಾಗಿಂದ ಮುಷ್ಟಿ ಗಾತ್ರಕ್ಕೆ ಬೆಳೆಸಿದ್ದೆ. ಆಲ್ಕಲಿನಿಟಿ ಜಾಸ್ತಿ ಇದ್ರೆ ಬೇಗ ಬೆಳೆಯತ್ತೆ ಅಂತ ಯಾರೋ ಹೇಳಿದ ಮಾತು ಕೇಳ್ಕೊಂಡು ಒಂದೇ ರಾತ್ರಿ 7ರಿಂದ 10ಕ್ಕೆ ತಂದೆ. ಮಾರನೇ ದಿನ ಪಾಲಿಪ್ (ಹವಳದ ಹೂವಿನಂಥ ಪುಟ್ಟ ಬಾಯಿಗಳು) ಹೊರಗೆ ಬರ್ಲಿಲ್ಲ. ಮೂರನೇ ದಿನ ಬೆಳಗ್ಗೆ ಲೈಟ್ ಹಾಕಿ ನೋಡಿದ್ರೆ ಕೆಳಗಿನ ಕೊಂಬೆಗಳಿಂದ ಚರ್ಮ ಒದ್ದೆ ಕಾಗದದ ಥರ ಬಿಟ್ಕೊಂಡು ನೀರಿನ ಜೊತೆ ತೇಲ್ತಾ ಇತ್ತು, ಒಳಗಿನ ಬಿಳಿ ಎಲುಬು ಕಾಣ್ತಿತ್ತು. ಸಂಜೆ ಹೊತ್ತಿಗೆ ಪೂರ್ತಿ ಹೋಯ್ತು. ಎರಡು ವರ್ಷ ಬೆಳೆಸಿದ್ದು. ಆ ಎಲುಬನ್ನ ಇವತ್ತಿಗೂ ಟೆಸ್ಟ್ ಕಿಟ್ ಡಬ್ಬದ ಪಕ್ಕ ಇಟ್ಕೊಂಡಿದೀನಿ. ನಿಮ್ಮ ಅಕ್ರೋಪೋರದ ಬರೀ ತುದಿ ಹೋಗಿದೆ ಅಂದ್ರೆ ಇನ್ನೂ ಕಾಲ ಮಿಂಚಿಲ್ಲ, ನೀರು ಒಂದ್ ಕಡೆ ನಿಂತ್ರೆ ಚರ್ಮ ಮತ್ತೆ ಮೇಲಕ್ಕೆ ಹತ್ತತ್ತೆ, ನಾನು ನೋಡಿದೀನಿ.

ಪ್ರಶ್ನೆ: ನನ್ನ ಹತ್ರ ಎರಡು ಕಿಟ್ ಇದೆ. ಹನಿ ಹಾಕೋ ಕಿಟ್ 8.9 ತೋರಿಸತ್ತೆ, ಡಿಜಿಟಲ್ ಚೆಕರ್ 7.9 ತೋರಿಸತ್ತೆ. ಯಾವುದನ್ನ ನಂಬಲಿ?

ಉತ್ತರ: ಎರಡನ್ನೂ ನಂಬ್ಬೇಡಿ, ಎರಡಕ್ಕೂ ಒಂದು ಪರೀಕ್ಷೆ ಕೊಡಿ. ಹೊಸ ಡಬ್ಬದ ಅಡುಗೆ ಸೋಡ 2.52 ಗ್ರಾಂ ತೂಗಿ, ಪಾಯಿಂಟ್ ಎರಡು ಸ್ಥಾನ ತೋರಿಸೋ ಸಣ್ಣ ತಕ್ಕಡಿ ಬೇಕು, ಅದನ್ನ ಒಂದು ಲೀಟರ್ ಆರ್‌ಒ-ಡಿಐ ನೀರಲ್ಲಿ ಪೂರ್ತಿ ಕರಗಿಸಿ. ಅದರಿಂದ 100 ಎಂಎಲ್ ತಗೊಂಡು ಮತ್ತೆ ಅದೇ ನೀರು ಸೇರಿಸಿ ಒಂದು ಲೀಟರ್ ಮಾಡಿ. ಈಗ ನಿಮ್ಮ ಕೈಲಿರೋ ದ್ರಾವಣ 8.4 ಡಿಕೆಎಚ್. ಎರಡು ಕಿಟ್ಟಲ್ಲೂ ಇದನ್ನ ಟೆಸ್ಟ್ ಮಾಡಿ. ಯಾವುದು 8.4ರ ಹತ್ತಿರ ಬರತ್ತೋ ಅದನ್ನ ಇಟ್ಕೊಳ್ಳಿ. ಇನ್ನೊಂದು ಯಾವಾಗ್ಲೂ ಅಷ್ಟೇ ವ್ಯತ್ಯಾಸ ತೋರಿಸ್ತಿದ್ರೆ ಅದನ್ನೂ ಬಳಸಬಹುದು, ಆ ವ್ಯತ್ಯಾಸ ಡಬ್ಬದ ಮೇಲೆ ಬರೆದಿಟ್ಕೊಂಡ್ರೆ ಸಾಕು. ಒಂದ್ಸಲ ಮೇಲೆ ಒಂದ್ಸಲ ಕೆಳಗೆ ಹೋಗೋ ಕಿಟ್ ಮಾತ್ರ ಬೇಡವೇ ಬೇಡ.

ಕಿಟ್ ತಪ್ಪು ಅನ್ನೋಕೆ ಮುಂಚೆ ಕೈ ತಪ್ಪು ನೋಡ್ಕೊಳ್ಳಿ. ಸಿರಿಂಜಲ್ಲಿ ಗಾಳಿ ಗುಳ್ಳೆ ಇದ್ರೆ ಸ್ಯಾಂಪಲ್ ನೀರೇ ಕಮ್ಮಿ ಆಗತ್ತೆ. ಹನಿ ಕಿಟ್ಟಲ್ಲಿ ಬಾಟಲಿ ಓರೆ ಹಿಡಿದ್ರೆ ಹನಿ ಗಾತ್ರ ಬದಲಾಗತ್ತೆ, ನೇರ ತಲೆಕೆಳಗೆ ಹಿಡೀರಿ. ಪ್ರತಿ ಹನಿಗೂ ಸೀಸೆ ಅಲ್ಲಾಡ್ಸಿ, ಬಿಳಿ ಕಾಗದದ ಮೇಲೆ ಇಟ್ಟು ಬಣ್ಣ ನೋಡಿ. ಬಣ್ಣ ತಿರುಗೋ ಆ ಒಂದು ಹನಿ ಇದೆಯಲ್ಲ, ಬಿದ್ದ ಜಾಗದಲ್ಲಿ ಕ್ಷಣ ಬಣ್ಣ ಬಂದು ಅಲ್ಲಾಡಿಸಿದ್ರೆ ಮಾಯ ಆಗತ್ತೆ, ಅದು ಇನ್ನೂ ಮುಗಿದಿಲ್ಲ ಅಂತ. ಅಲ್ಲಾಡಿಸಿದ ಮೇಲೂ ನಿಂತ್ರೆ ಮುಗೀತು. ಚೆಕರ್ ಆದ್ರೆ ಗಾಜಿನ ಸೀಸೆ ಮೇಲೆ ಬೆರಳಚ್ಚು ಇರಬಾರದು, ಒಣ ಬಟ್ಟೇಲಿ ಒರೆಸಿ ಇಡಿ.

ಪ್ರಶ್ನೆ: ಅಡುಗೆ ಸೋಡ ಒಳ್ಳೇದಾ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಒಳ್ಳೇದಾ? ನಮ್ಮ ಟ್ಯಾಂಕ್ ಪಿಎಚ್ ಬೆಳಗ್ಗೆ 7.8 ಇರತ್ತೆ, ಅದಕ್ಕೇ ಆಲ್ಕಲಿನಿಟಿ ಜಾಸ್ತಿ ಮಾಡು ಅಂತ ಸ್ನೇಹಿತರು ಹೇಳ್ತಾರೆ.

ಉತ್ತರ: ಸ್ನೇಹಿತರ ಮಾತು ಇದೊಂದರಲ್ಲಿ ಕೇಳ್ಬೇಡಿ. ಪಿಎಚ್ ಕಮ್ಮಿ ಇದೆ ಅಂತ ಆಲ್ಕಲಿನಿಟಿ ಏರಿಸ್ತಾ ಹೋದ್ರೆ 12, 13ಕ್ಕೆ ಹೋಗಿ ನಿಲ್ತೀರಿ, ಪಿಎಚ್ ಅಲ್ಲೇ ಇರತ್ತೆ. ಬೆಳಗ್ಗೆ ಕಮ್ಮಿ ಇರೋದು ಸಹಜ, ರಾತ್ರಿ ಪೂರ್ತಿ ಎಲ್ಲ ಜೀವಿಗಳೂ ಕಾರ್ಬನ್ ಡೈಆಕ್ಸೈಡ್ ಬಿಡ್ತಿರತ್ತೆ, ಅದನ್ನ ಎಳ್ಕೊಳ್ಳೋ ದ್ಯುತಿಸಂಶ್ಲೇಷಣೆ ಇರಲ್ಲ. ಕಿಟಕಿ ಬಾಗಿಲು ಮುಚ್ಚಿರೋ ರೂಮಲ್ಲಿ ಜನ ಮಲಗಿದ್ರೆ ಗಾಳಿಯಲ್ಲೇ ಅದು ಜಾಸ್ತಿ ಇರತ್ತೆ, ನೀರಿಗೂ ಇಳಿಯತ್ತೆ. ಒಂದು ಲೋಟ ಟ್ಯಾಂಕ್ ನೀರು ತಗೊಂಡು ಮನೆ ಹೊರಗೆ ಇಟ್ಟು ಏರ್ ಪಂಪಲ್ಲಿ ಒಂದು ಗಂಟೆ ಗುಳ್ಳೆ ಬಿಡಿ, ಆಮೇಲೆ ಪಿಎಚ್ ನೋಡಿ. ಏರಿದ್ರೆ ತೊಂದರೆ ಗಾಳಿಯದ್ದು. ಅದಕ್ಕೆ ಮದ್ದು ಕಿಟಕಿ ತೆಗೆಯೋದು, ಇಲ್ಲಾಂದ್ರೆ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋ ಯಂತ್ರ) ಗಾಳಿ ಎಳ್ಕೊಳ್ಳೋ ಪೈಪನ್ನ ಹೊರಗಡೆಗೆ ಹಾಕೋದು. 7.8ರಿಂದ 8.3ರ ಮಧ್ಯೆ ದಿನಾ ಓಡಾಡ್ತಾ ಇದ್ರೆ ಹವಳಕ್ಕೆ ಏನೂ ಆಗಲ್ಲ ಅನ್ನೋದೂ ಗೊತ್ತಿರ್ಲಿ.

ಸೋಡದ ವಿಷಯ. ಆಲ್ಕಲಿನಿಟಿ ಲೆಕ್ಕಕ್ಕೆ ಎರಡೂ ಒಂದೇ. ಅಡುಗೆ ಸೋಡ ಹಾಕಿದ ಕೂಡ್ಲೇ ಪಿಎಚ್ ಸ್ವಲ್ಪ ಇಳಿಯಬಹುದು, ಸೋಡಾ ಆಶ್ ಹಾಕಿದ್ರೆ ಏರತ್ತೆ. ನಿಮ್ಮಂಗೆ ಪಿಎಚ್ ಕೆಳಗಿರೋರಿಗೆ ಸೋಡಾ ಆಶ್ ಅನುಕೂಲ. ಮನೇಲೇ ಮಾಡ್ಕೋಬಹುದು, ಅಡುಗೆ ಸೋಡಾನ ತಟ್ಟೇಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್‌ಗೆ ಒಂದು ಗಂಟೆ ಇಟ್ರೆ ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಹಾರಿಹೋಗಿ 84 ಗ್ರಾಂ ಇದ್ದದ್ದು 53 ಗ್ರಾಂ ಆಗತ್ತೆ. ತೂಕ ನೋಡಿದ್ರೇ ಗೊತ್ತಾಗತ್ತೆ ಆಯ್ತೋ ಇಲ್ವೋ ಅಂತ. ತೂಕ ಕಮ್ಮಿ ಆದಷ್ಟು ಶಕ್ತಿ ಗಟ್ಟಿ ಆಗಿರತ್ತೆ, ಹಾಗಾಗಿ 100 ಲೀಟರ್‌ಗೆ 1 ಡಿಕೆಎಚ್ ಅಂದ್ರೆ ಇದು 1.9 ಗ್ರಾಂ ಸಾಕು, ಹಳೇ ಅಳತೇಲೇ 3 ಗ್ರಾಂ ಹಾಕಿ ಕೆಡಿಸ್ಕೋಬೇಡಿ. ಇದನ್ನ ಒಂದೇ ಕಡೆ ಸುರಿದ್ರೆ ಬಿಳಿ ಮೋಡ ಏಳತ್ತೆ, ಸ್ವಲ್ಪ ಸ್ವಲ್ಪವಾಗಿ ಹರಿಯೋ ನೀರಿಗೆ ಹಾಕಿ.

ಇನ್ನೊಂದು ಮಾತು, ಬೇಕಿಂಗ್ ಪೌಡರ್ ಬೇರೆ, ಬೇಕಿಂಗ್ ಸೋಡ ಬೇರೆ. ಪೌಡರಲ್ಲಿ ಆಮ್ಲದ ಪುಡಿ, ಸ್ಟಾರ್ಚ್ ಎಲ್ಲ ಸೇರಿರತ್ತೆ. ಡಬ್ಬದ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಅಂತ ಒಂದೇ ಹೆಸರು ಇರ್ಬೇಕು.

ಪ್ರಶ್ನೆ: ಎರಡು ತಿಂಗಳಿಂದ ಒಂದೇ ಡೋಸ್ ಹಾಕ್ತಿದೀನಿ, ಆಲ್ಕಲಿನಿಟಿ 8.2ರಲ್ಲಿ ಗಟ್ಟಿಯಾಗಿ ನಿಂತಿತ್ತು. ಈ ವಾರ ಏನೂ ಬದಲಾಯಿಸಿಲ್ಲ, ಆದ್ರೂ 8.5, 8.9, 9.2 ಅಂತ ಏರ್ತಿದೆ. ಹವಳ ನೋಡೋಕೆ ಚೆನ್ನಾಗೇ ಇದೆ. ಒಳ್ಳೇದೇ ಅಲ್ವಾ?

ಉತ್ತರ: ಒಳ್ಳೇದಲ್ಲ, ಈ ಪತ್ರ ಓದಿ ನನಗೆ ಸ್ವಲ್ಪ ಹೆದರಿಕೆನೇ ಆಯ್ತು. ನೀವು ಬಡಿಸ್ತಿರೋದು ಅಷ್ಟೇ, ಆದ್ರೆ ತಟ್ಟೇಲಿ ಉಳೀತಾ ಇದೆ ಅಂದ್ರೆ ತಿನ್ನೋರು ತಿನ್ನೋದು ನಿಲ್ಲಿಸಿದಾರೆ ಅಂತ. ಹವಳ ಕಣ್ಣಿಗೆ ಚೆನ್ನಾಗಿ ಕಾಣ್ತಿರುವಾಗ್ಲೇ ಬೆಳವಣಿಗೆ ನಿಲ್ಲಿಸಿರತ್ತೆ, ಬಣ್ಣ ಮಂಕಾಗೋದು, ಚರ್ಮ ಬಿಡೋದು ಎಲ್ಲ ಆಮೇಲೆ. ಅಂದ್ರೆ ನಿಮ್ಮ ಟೆಸ್ಟ್ ಕಿಟ್ ನಿಮಗೆ ಕೆಲವು ದಿನ ಮುಂಚೆನೇ ಹೇಳಿದೆ, ಆ ದಿನಗಳನ್ನ ವ್ಯರ್ಥ ಮಾಡ್ಬೇಡಿ.

ಮೊದಲು ಪಂಪ್ ಅಳತೆ ನೋಡಿ. ಡೋಸಿಂಗ್ ಪಂಪಿಂದ 10 ಎಂಎಲ್ ಅಂತ ಹೇಳಿ ಒಂದು ಅಳತೆ ಸಿಲಿಂಡರ್‌ಗೆ ಹಿಡಿದು ನಿಜವಾಗ್ಲೂ 10 ಬರ್ತಿದ್ಯಾ ನೋಡಿ, ಒಳಗಿನ ರಬ್ಬರ್ ಟ್ಯೂಬ್ ಹಳೇದಾದ್ರೆ ಅಳತೆ ತಪ್ಪತ್ತೆ. ಅದು ಸರಿ ಇದ್ರೆ ಉಪ್ಪಿನಂಶ ನೋಡಿ, 35 ಪಿಪಿಟಿ (ಸಾವಿರಕ್ಕೆ 35 ಭಾಗ) ಅಂದ್ರೆ ಸ್ಪೆಸಿಫಿಕ್ ಗ್ರಾವಿಟಿ 1.026 ಹತ್ತಿರ ಇರ್ಬೇಕು. ಥರ್ಮಾಮೀಟರ್ ಇನ್ನೊಂದು ಹಾಕಿ ನೋಡಿ, ಹೀಟರ್ ಕೈಕೊಟ್ಟಿರಬಹುದು. ನೈಟ್ರೇಟ್ ಫಾಸ್ಫೇಟ್ ಎರಡೂ ನೋಡಿ, ಫಾಸ್ಫೇಟ್ ವಿಪರೀತ ಆದ್ರೂ ಸುಣ್ಣ ಕಟ್ಟೋ ಕೆಲಸಕ್ಕೆ ಅಡ್ಡಿ ಆಗತ್ತೆ, ಎರಡೂ ಸೊನ್ನೆ ಆದ್ರೆ ಹವಳ ಹಸಿವಲ್ಲಿರತ್ತೆ. ಇತ್ತೀಚೆಗೆ ಲೈಟ್ ಬದಲಾಯಿಸಿದ್ರಾ, ದೊಡ್ಡ ಕಾಲೊನಿ ಕತ್ತರಿಸಿ ಹೊರಗೆ ಕೊಟ್ರಾ ನೆನಪು ಮಾಡ್ಕೊಳ್ಳಿ. ಕೊನೇದಾಗಿ ರಾತ್ರಿ ಲೈಟ್ ಆರಿ ಎರಡು ಗಂಟೆ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹವಳದ ಬುಡ, ಕೊಂಬೆ ಕೆಳಭಾಗ ಎಲ್ಲ ನಿಧಾನಕ್ಕೆ ನೋಡಿ, ಮಾಂಟಿಪೋರ ತಿನ್ನೋ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳ), ಅಕ್ರೋಪೋರ ತಿನ್ನೋ ಚಪ್ಪಟೆ ಹುಳ ಇವೆಲ್ಲ ಅಲ್ಲೇ ಅಡಗಿರತ್ತೆ, ಮೊಟ್ಟೆ ಗುಂಪೂ ಅಲ್ಲೇ ಇರತ್ತೆ.

ಇದೆಲ್ಲ ಹುಡುಕೋ ಹೊತ್ತಲ್ಲಿ ಡೋಸ್ ಅರ್ಧ ಮಾಡಿ. ಪೂರ್ತಿ ನಿಲ್ಲಿಸಿದ್ರೆ ಮರೆತುಹೋಗಿ ಇನ್ನೊಂದು ಕಡೆಗೆ ಬೀಳತ್ತೆ.

ಪ್ರಶ್ನೆ: ಕಾಲ್ಕ್‌ವಾಸರ್ ಅಂದ್ರೆ ಸುಣ್ಣದ ನೀರೇ ಅಂತೆ. ಆವಿ ಆಗೋ ನೀರಿನ ಬದಲು ಅದನ್ನೇ ಹಾಕಿದ್ರೆ ಎರಡು ಬಾಟಲಿ ತಾಪತ್ರಯ ಇರಲ್ಲ ಅಂತಾರೆ. ನಿಜಾನಾ?

ಉತ್ತರ: ನಿಜ, ನನಗೆ ತುಂಬ ಇಷ್ಟದ ವಿಧಾನ ಕೂಡ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅದು, ಕ್ಯಾಲ್ಸಿಯಂ ಆಲ್ಕಲಿನಿಟಿ ಎರಡನ್ನೂ ಹವಳ ತಿನ್ನೋ ಪ್ರಮಾಣದಲ್ಲೇ ಕೊಡತ್ತೆ, ಜೊತೆಗೆ ಪಿಎಚ್ ಏರಿಸತ್ತೆ. ಲೀಟರ್‌ಗೆ ಒಂದೂವರೆ ಗ್ರಾಂ ಹಾಕಿ ಕಲಕಿ ಮುಚ್ಚಿಡಿ, ಕೆಳಗೆ ಗಷ್ಟು ಕೂತ್ಮೇಲೆ ಮೇಲಿನ ತಿಳಿ ಮಾತ್ರ ತಗೋಬೇಕು. ಅಂಥ ಒಂದು ಲೀಟರ್ ತಿಳಿ 200 ಲೀಟರ್ ಟ್ಯಾಂಕಿಗೆ ಅರ್ಧ ಡಿಕೆಎಚ್‌ಗಿಂತ ಸ್ವಲ್ಪ ಜಾಸ್ತಿ ಕೊಡತ್ತೆ. ದಿನಕ್ಕೆ ಎರಡು ಲೀಟರ್ ಆವಿ ಆಗೋ ಟ್ಯಾಂಕಾದ್ರೆ ಅಲ್ಲಿಗೆ 1 ಡಿಕೆಎಚ್ ಸಿಕ್ತು, ಹವಳ ಅದಕ್ಕಿಂತ ಜಾಸ್ತಿ ಕೇಳಿದ್ರೆ ಮಾತ್ರ ಬೇರೆ ದಾರಿ ಸೇರಿಸ್ಬೇಕು.

ಆದ್ರೆ ಇದು ಆಟ ಅಲ್ಲ. ತಿಳಿಯ ಪಿಎಚ್ 12 ದಾಟಿರತ್ತೆ, ಗ್ಲೌಸ್ ಹಾಕ್ಕೊಳ್ಳಿ, ಕಣ್ಣಿಗೆ ಕನ್ನಡಕ ಇರ್ಲಿ, ಮಕ್ಕಳ ಕೈಗೆ ಸಿಗದಂಗೆ ಇಡಿ. ಗೋಡೆಗೆ ಬಳಿಯೋ ಸುಣ್ಣ ಬೇಡ, ಶುದ್ಧ ದರ್ಜೆಯದ್ದೇ ತಗೊಳ್ಳಿ. ರಾತ್ರಿ ಹೊತ್ತು, ಪಿಎಚ್ ಇಳಿದಿರುವಾಗ, ಹನಿ ಹನಿಯಾಗಿ ಬೀಳಬೇಕು. ನನಗೆ ಹೆದರಿಕೆ ಇರೋದು ಆಟೋ ಟಾಪ್ ಆಫ್ (ಆವಿ ಆದಷ್ಟು ನೀರು ತಾನೇ ತುಂಬೋ ಸಾಧನ) ಮೇಲೆ. ಅದರ ಸೆನ್ಸರ್ ಅಂಟ್ಕೊಂಡು ಐದಾರು ಲೀಟರ್ ಸಾದಾ ನೀರು ಹೋದ್ರೆ ಉಪ್ಪು ಸ್ವಲ್ಪ ಇಳಿಯತ್ತೆ ಅಷ್ಟೆ, ಐದಾರು ಲೀಟರ್ ಸುಣ್ಣದ ತಿಳಿ ಹೋದ್ರೆ ಬೆಳಗ್ಗೆ ಎದ್ದು ನೋಡೋಷ್ಟರಲ್ಲಿ ಟ್ಯಾಂಕ್ ಹಾಲಿನ ಪಾತ್ರೆ ಆಗಿರತ್ತೆ. ಹಾಗಾಗಿ ಎರಡು ಸೆನ್ಸರ್ ಇರೋದು ಬಳಸಿ, ಸುಣ್ಣದ ಕ್ಯಾನಲ್ಲಿ ಒಂದು ದಿನಕ್ಕೆ ಬೇಕಾದಷ್ಟೇ ತುಂಬಿ.

ಪ್ರಶ್ನೆ: ಎಷ್ಟು ಡೋಸ್ ಹಾಕಿದ್ರೂ ಆಲ್ಕಲಿನಿಟಿ, ಕ್ಯಾಲ್ಸಿಯಂ ಎರಡೂ ಏರ್ತಿಲ್ಲ. ಹೀಟರ್ ಮೇಲೆ, ರಿಟರ್ನ್ ಪಂಪ್ ಒಳಗೆ ಬಿಳೀ ಪದರ ಗಟ್ಟಿಯಾಗಿ ಕೂತಿದೆ.

ಉತ್ತರ: ನೀವು ಹಾಕಿದ್ದೆಲ್ಲ ಹೋಗಿ ಕೂತಿರೋದು ಅಲ್ಲೇ. ಮೆಗ್ನೀಸಿಯಂ ಟೆಸ್ಟ್ ಮಾಡಿ, 1250ರಿಂದ 1350 ಪಿಪಿಎಂ ಇರ್ಬೇಕು, ನಿಮ್ಮದು ಅದಕ್ಕಿಂತ ಕೆಳಗೆ ಇರೋ ಸಾಧ್ಯತೆ ಜಾಸ್ತಿ. ಮೆಗ್ನೀಸಿಯಂ ಸುಣ್ಣದ ಹರಳು ಬೆಳೆಯದಂಗೆ ತಡೆಯತ್ತೆ, ಅದು ಕಮ್ಮಿ ಆದ್ರೆ ಬಿಸಿ ಇರೋ ಕಡೆ ಮೊದಲು ಹರಳು ಕೂರತ್ತೆ. ಮೊದಲು ಅದನ್ನ ಮೂರ್ನಾಲ್ಕು ದಿನ ತಗೊಂಡು ಸರಿಮಾಡಿ, ಅಲ್ಲೀವರೆಗೆ ಉಳಿದೆರಡರ ಡೋಸ್ ಜಾಸ್ತಿ ಮಾಡ್ಬೇಡಿ. ಪಂಪನ್ನ ಬಿಚ್ಚಿ ವಿನೆಗರ್ ಬೆರೆಸಿದ ನೀರಲ್ಲಿ ಒಂದು ರಾತ್ರಿ ನೆನೆಸಿದ್ರೆ ಪದರ ನೊರೆಯಾಗಿ ಬಿಟ್ಕೊಳ್ಳತ್ತೆ.

ಪ್ರಶ್ನೆ: ಪ್ರತೀ ಸಲ ನೀರು ಬದಲಾಯಿಸಿದ ಮೇಲೆ ಎರಡು ದಿನ ಹವಳ ಮುಚ್ಕೊಂಡಿರತ್ತೆ. ಉಪ್ಪು, ಟೆಂಪರೇಚರ್ ಎರಡೂ ಹೊಂದಿಸಿಯೇ ಹಾಕೋದು. ಸಲಕ್ಕೆ 30 ಪರ್ಸೆಂಟ್ ಬದಲಾಯಿಸ್ತೀನಿ.

ಉತ್ತರ: ಕಲೆಸಿದ ಹೊಸ ನೀರಿನ ಆಲ್ಕಲಿನಿಟಿ ಯಾವತ್ತಾದ್ರೂ ಟೆಸ್ಟ್ ಮಾಡಿದೀರಾ? ಕೆಲವು ಉಪ್ಪು 7, 8ಕ್ಕೆ ಬರತ್ತೆ, ಕೆಲವು 11, 12ಕ್ಕೆ ಹೋಗತ್ತೆ. ಟ್ಯಾಂಕ್ 7.8 ಇದ್ದು ಹೊಸ ನೀರು 12 ಇದ್ರೆ 30 ಪರ್ಸೆಂಟ್ ಬದಲಾಯಿಸಿದ ಒಂದು ಗಂಟೇಲಿ 1.2 ಡಿಕೆಎಚ್‌ಗಿಂತ ಜಾಸ್ತಿ ಏರತ್ತೆ. 10 ಪರ್ಸೆಂಟ್ ಆದ್ರೆ 0.4. ಒಂದೋ ನಿಮ್ಮ ಟ್ಯಾಂಕ್ ನಂಬರಿಗೆ ಹತ್ತಿರ ಇರೋ ಉಪ್ಪು ಆರಿಸ್ಕೊಳ್ಳಿ, ಇಲ್ಲಾ ಸ್ವಲ್ಪ ಸ್ವಲ್ಪ ಬದಲಾಯಿಸಿ. ಉಪ್ಪಿನ ಡಬ್ಬಾನ ತೆಗೆಯೋಕೆ ಮುಂಚೆ ಉರುಳಾಡಿಸಿ ಮಿಕ್ಸ್ ಮಾಡಿ, ಪುಡಿ ಪದರ ಪದರವಾಗಿ ಕೂತಿದ್ರೆ ಮೇಲಿನದ್ದು ಒಂಥರ ಬರತ್ತೆ ತಳದ್ದು ಒಂಥರ ಬರತ್ತೆ.

ಪ್ರಶ್ನೆ: ನನ್ನದು 60 ಲೀಟರ್, ಬರೀ ಮೆತ್ತನೆ ಹವಳ, ಮಶ್ರೂಮು, ಝೋಆ, ಒಂದು ಲೆದರ್ ಅಷ್ಟೆ. ನಾನೂ ಡೋಸಿಂಗ್ ಪಂಪ್ ತಗೋಬೇಕಾ?

ಉತ್ತರ: ಬೇಡ. ಇವಕ್ಕೆಲ್ಲ ಗಟ್ಟಿ ಸುಣ್ಣದ ಎಲುಬಿಲ್ಲ, ವಾರಕ್ಕೆ 10 ಪರ್ಸೆಂಟ್ ನೀರು ಬದಲಾಯಿಸಿದ್ರೆ ಬಹಳಷ್ಟು ಸಲ ಸಾಕಾಗತ್ತೆ. ಆದ್ರೂ ತಿಂಗಳಿಗೆರಡು ಸಲ ಟೆಸ್ಟ್ ಮಾಡಿ, ಯಾಕಂದ್ರೆ ಹವಳ ತಿನ್ನದೇ ಇದ್ರೂ ನೈಟ್ರೇಟ್ ಏರ್ತಾ ಹೋದ್ರೆ ಅದರ ಜೊತೆ ಆಲ್ಕಲಿನಿಟಿ ಇಳಿಯತ್ತೆ, ನೈಟ್ರೇಟ್ 50 ಪಿಪಿಎಂ ಏರೋ ಹೊತ್ತಿಗೆ ಸುಮಾರು 2.3 ಡಿಕೆಎಚ್ ಖರ್ಚಾಗಿರತ್ತೆ. ಪಂಪಿಗೆ ಇಟ್ಟಿರೋ ದುಡ್ಡಲ್ಲಿ ಒಂದು ಒಳ್ಳೇ ಟೆಸ್ಟ್ ಕಿಟ್ ತಗೊಳ್ಳಿ. ಮೊದಲನೇ ಕಲ್ಲು ಹವಳ ತರೋ ದಿನದಿಂದ ನಂಬರ್ ಬರೆದಿಡೋಕೆ ಶುರು ಮಾಡಿ, ಎಷ್ಟು ತಿನ್ನತ್ತೆ ಅಂತ ಅದೇ ಹೇಳತ್ತೆ, ಆಗ ಮತ್ತೆ ಪತ್ರ ಬರೀರಿ.